ಮಹಾಕಿಲೋ ಮೀಮಾಂಸೆ

ಕಿಲೋಗ್ರಾಂ ಎಂಬುದು ಪ್ಯಾರಿಸ್ ಬಳಿಯ ಸೇವ್ರ್‌ನಲ್ಲಿ 1889ರಿಂದ 2019ರವರೆಗೆ ಪಟ್ಟದಲ್ಲಿದ್ದ ಒಂದು ಲೋಹದ ಗಟ್ಟಿ. ನೂರಕ್ಕೆ 90 ಪಾಲು ಪ್ಲಾಟಿನಂ, 10 ಪಾಲು ಇರಿಡಿಯಂ. ಎತ್ತರವೂ ವ್ಯಾಸವೂ ಸುಮಾರು 39 ಮಿಲಿಮೀಟರ್. ಬಿರುದು ‘ಗ್ರಾಂಡ್ ಕೆ’. ನೆಲಮಾಳಿಗೆಯ ಗರ್ಭಗುಡಿಯಲ್ಲಿ, ಒಂದರ ಮೇಲೊಂದು ಕವುಚಿದ ಮೂರು ಗಾಜಿನ ಬುರುಡೆಗಳ ಕೆಳಗೆ ಇದರ ವಾಸ. ಬಾಗಿಲಿಗೆ ಮೂರು ಬೀಗದ ಕೈ, ಮೂರೂ ಬೇರೆಬೇರೆಯವರ ವಶದಲ್ಲಿ. ಪಕ್ಕದಲ್ಲಿ ಆರು ಅಧಿಕೃತ ಪ್ರತಿಗಳು. ದೇಶದೇಶಗಳಿಗೆ ದಯಪಾಲಿಸಿದ ಉತ್ಸವಮೂರ್ತಿಗಳು ಬೇರೆ. ಭಾರತದ ಪಾಲಿಗೆ ಬಂದದ್ದು 57ನೆಯದು, ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ.

ಇದರ ತೂಕವೆಷ್ಟು ಎಂಬ ಪ್ರಶ್ನೆಯೇ ಶಾಸ್ತ್ರಬಾಹಿರ. ಇದರ ತೂಕ ಒಂದು ಕಿಲೋ, ಏಕೆಂದರೆ ಒಂದು ಕಿಲೋ ಎಂದರೆ ಇದರ ತೂಕ. (ತೂಕ ಎಂದಲ್ಲೆಲ್ಲ ದ್ರವ್ಯರಾಶಿ ಎಂದು ಓದಿಕೊಳ್ಳುವುದು, ಇಲ್ಲವಾದರೆ ಭೌತಶಾಸ್ತ್ರದ ಮೇಷ್ಟ್ರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಾರೆ.)

ಪೂರ್ವಪಕ್ಷ: 1988–92ರ ಪರಿಶೀಲನೆಯಲ್ಲಿ ಪ್ರತಿಗಳಿಗೂ ಮೂಲಕ್ಕೂ ನೂರು ವರ್ಷದಲ್ಲಿ ಸುಮಾರು 50 ಮೈಕ್ರೋಗ್ರಾಂ ಅಂತರ ಬಿದ್ದಿರುವುದು ಕಂಡಿದೆ. ಹೆಚ್ಚಿನ ಪ್ರತಿಗಳು ಭಾರವಾಗಿವೆ. ಆದ್ದರಿಂದ ಮೂಲವೇ ಸವೆದಿರಬಾರದೇಕೆ?

ಸಿದ್ಧಾಂತ: ಸಲ್ಲದು. ಮೂಲ ಸವೆಯಲು ವ್ಯಾಖ್ಯೆ ಬಿಡುವುದಿಲ್ಲ. ಮಿಕ್ಕ ವಿಶ್ವವೇ, ನಕ್ಷತ್ರಗಳೂ ರಾಗಿ ಮೂಟೆಗಳೂ ಸೇರಿ, ಅಷ್ಟರಮಟ್ಟಿಗೆ ದಪ್ಪಗಾಗಿದೆ.

ಇನ್ನು ಮಡಿಯ ವಿಚಾರ, ಇದೇ ಈ ಶಾಸ್ತ್ರದ ತಿರುಳು. ಗಾಜಿನೊಳಗಿದ್ದರೂ ಗಾಳಿಯ ಕಸರು ಕೂತು ಗಟ್ಟಿಯ ಮೈ ವರ್ಷಕ್ಕೆ ಹೆಚ್ಚುಕಡಿಮೆ 1 ಮೈಕ್ರೋಗ್ರಾಂ ಬೆಳೆಯುತ್ತದೆ. ಆದಕಾರಣ ತೂಗುವ ಮುನ್ನ ಅಭ್ಯಂಜನ: ಈಥರ್ ಮತ್ತು ಮದ್ಯಸಾರದಲ್ಲಿ ನೆನೆಸಿದ ಮೆದು ಚರ್ಮದಿಂದ ಮೈಯುಜ್ಜಿ, ಎರಡು ಸಲ ಬಟ್ಟಿಯಿಳಿಸಿದ ನೀರಿನ ಹಬೆ ಹಾಯಿಸುವುದು. ಹಾಗಾದರೆ ಮಿಂದ ಗಟ್ಟಿ ಕಿಲೋವೋ, ಮೀಯದ ಗಟ್ಟಿ ಕಿಲೋವೋ? 1989ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮಿತಿ ಇತ್ಯರ್ಥ ಮಾಡಿತು: ಸ್ನಾನವಾದ ಕೂಡಲೇ ಇರುವುದೇ ಕಿಲೋ. ಮೈಲಿಗೆಯಲ್ಲಿರುವುದು ಕಿಲೋವಿಗಿಂತ ತುಸು ಹೆಚ್ಚು.

ತಪಾಸಣೆಯ ಕ್ರಮ ಸರಳ. ಸಂತೆಯ ವ್ಯಾಪಾರಿ ತನ್ನ ತೂಕದ ಕಲ್ಲುಗಳನ್ನು ಎರಡು ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಒಪ್ಪಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಗ್ರಾಂಡ್ ಕೆ ಹೊರಬಂದು ದೇಶಗಳ ಪ್ರತಿಗಳಿಗೆ ದರ್ಶನ ಕೊಟ್ಟದ್ದು ನಾಲ್ಕೈದು ದಶಕಗಳಿಗೊಮ್ಮೆ. ಅನುಮಾನ ಸಣ್ಣವರ ಮೇಲೆ ಹೆಚ್ಚಿರಬೇಕೆಂಬುದು ಮಾಪನಶಾಸ್ತ್ರಕ್ಕೆ ಮಾತ್ರ ಸೀಮಿತವಾದ ನಿಯಮವೇನಲ್ಲ.

ಪಟ್ಟ ಇಳಿದದ್ದು 2019ರ ಮೇ 20ರಂದು. ಪ್ಲಾಂಕ್ ಸ್ಥಿರಾಂಕವನ್ನು 6.62607015×10⁻³⁴ ಜೌಲ್ ಸೆಕೆಂಡ್ ಎಂದು ಕಟ್ಟುಹಾಕಿ ಕಿಲೋವನ್ನು ಅದರಿಂದ ಹುಟ್ಟಿಸಲಾಯಿತು. ಬ್ರಯನ್ ಕಿಬಲ್ 1975ರಲ್ಲಿ ಯೋಚಿಸಿದ ತಕ್ಕಡಿ, ಭಾರವನ್ನು ವಿದ್ಯುತ್ ಬಲದೊಂದಿಗೆ ತೂಗುತ್ತದೆ. ಸಿಲಿಕಾನ್ ಗೋಳದ ಪಂಥದವರು ಪರಮಾಣುಗಳನ್ನೇ ಎಣಿಸುತ್ತಾರೆ. ಇನ್ನು ಯಾವ ದೇಶ ಬೇಕಾದರೂ, ಹಣವಿದ್ದರೆ, ತನ್ನ ಕಿಲೋವನ್ನು ತಾನೇ ಮಾಡಿಕೊಳ್ಳಬಹುದು. ಮಾಡಿಕೊಂಡವು. ಒಂದರದು ಇನ್ನೊಂದಕ್ಕೆ ಸಾಕಷ್ಟು ಹೊಂದಲಿಲ್ಲ.

ಆದಕಾರಣ ಸದ್ಯಕ್ಕೆ ಪಂಚಾಯಿತಿ ತೀರ್ಮಾನ ಚಾಲ್ತಿಯಲ್ಲಿದೆ. 2021ರ ಒಮ್ಮತದಂತೆ ಗ್ರಾಂಡ್ ಕೆ ಒಂದು ಕಿಲೋವಿಗೆ 2 ಮೈಕ್ರೋಗ್ರಾಂ ಕಡಿಮೆ. ಈ ತೀರ್ಮಾನದ ಮೇಲಿನ ಅನಿಶ್ಚಿತತೆ 20 ಮೈಕ್ರೋಗ್ರಾಂ. 2023ರ ಒಮ್ಮತದಂತೆ 7 ಕಡಿಮೆ.