ಬೋರಾ ಬಜಾರಿನ ಸೌತೆ ವೈದ್ಯರು

ಸರ್ ಬಾರ್ಟಲ್ ಫ್ರಿಯರ್ ಗವರ್ನರಾಗಿದ್ದ 1860ರ ದಶಕದಲ್ಲಿ ಮುಂಬಯಿ ಕೋಟೆಯ ಗೋಡೆ ಒಡೆಸಿದರು. ಕೋಟೆ ಹೋಯಿತು, ಫೋರ್ಟ್ ಎಂಬ ಹೆಸರು ಉಳಿಯಿತು. ಇದ್ದ ಜಾಗವನ್ನೆಲ್ಲ ಬ್ಯಾಂಕು, ಕೋರ್ಟು, ವಿಮೆ ಕಂಪನಿಗಳು ಹಂಚಿಕೊಂಡವು. ಬೇಸಾಯಕ್ಕೆ ಮಿಕ್ಕದ್ದು ಬೋರಾ ಬಜಾರಿನ ನಮ್ಮ ಕಿಟಕಿಯಾಚೆಯ ಕಬ್ಬಿಣದ ಜಾಲರಿಯೊಂದೇ. ಅಲ್ಲಿ ಹಳೇ ಎಣ್ಣೆ ಡಬ್ಬದಲ್ಲಿ, ಊರಿಂದ ತಂದ ಮುಳ್ಳುಸೌತೆ ಬೀಜ ಹಾಕಿದವಳು ನನ್ನ ಹೆಂಡತಿ. ಬಳ್ಳಿ ಹಬ್ಬಿತು, ಕಾಯಿಲೆ ಬಂತು, ಕಾಯಿಲೆಯ ಬೆನ್ನಿಗೇ ವೈದ್ಯರೂ ಬಂದರು.

ಮೊದಲ ದೂರು: ಹೂವುಂಟು, ಕಾಯಿಲ್ಲ. ಕೆಳಮಹಡಿಯ ವಕೀಲರು ಬೀಜದಂಗಡಿಗೆ ನೋಟೀಸು ಕೊಡೋಣವೆಂದರು. ಬೀಜ ಬಂದದ್ದು ನನ್ನ ಅತ್ತೆಯಿಂದ. ನೋಟೀಸಿನ ಮಾತು ಅಲ್ಲಿಗೇ ನಿಂತಿತು. ಅಸಲಿಗೆ ಸೌತೆಯಲ್ಲಿ ಮೊದಲು ಅರಳುವುದು ಗಂಡು ಹೂಗಳೇ. ಹಿಂದುಗಡೆ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂ ಆಮೇಲೆ ಬರುತ್ತದೆ. ಅದೂ ಬಂತು, ಆದರೆ ಬೆರಳುದ್ದದ ಕಾಯಿ ಹಳದಿಯಾಗಿ ಉದುರತೊಡಗಿತು. ಮೃತ್ಯುಂಜಯ ಮಂತ್ರ ಬೇಡುವುದು ಹಣ್ಣಾದ ಸೌತೆ ತೊಟ್ಟು ಕಳಚುವಂಥ ಬಿಡುಗಡೆ. ನಮ್ಮ ಕಾಯಿಗಳಿಗೆ ಬಾಲ್ಯದಲ್ಲೇ ಮೋಕ್ಷ! ಕಾರಣ, ಪರಾಗಸ್ಪರ್ಶವಿಲ್ಲ. ಹಾರ್ನಿಮನ್ ಸರ್ಕಲ್ಲಿನ ತೋಟ ಬಿಟ್ಟು ಯಾವ ಜೇನು ಲಿಫ್ಟಿಲ್ಲದ ನಾಲ್ಕನೇ ಮಹಡಿ ಹತ್ತೀತು? ಬೆಳಿಗ್ಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿಗೆ ಮೆಲ್ಲಗೆ ಸವರುವ ಕೆಲಸ ಹೆಂಡತಿ ವಹಿಸಿಕೊಂಡಳು. “ಜಾತಕ ನೋಡಿದೆಯಾ?” ಎಂದೆ. “ನಮ್ಮದು ನೋಡಿದ್ದರಿಂದ ಆದದ್ದು ಸಾಕು ಮಾರಾಯ್ರೆ” ಎಂದಳು.

ಮತ್ತೆ ಎಲೆಯ ಮೇಲೆ ಬಿಳಿ ಹುಡಿ, ಬೂದಿರೋಗ. ಷೇರುಪೇಟೆಯ ಪಕ್ಕದ ಮನೆಯವರು ಹಾಲು ಸಿಂಪಡಿಸಿ ಎಂದಾಗ ನಾನು ನಕ್ಕೆ. ಆದರೆ ಬ್ರೆಜಿಲಿನ ವಿಜ್ಞಾನಿ ವ್ಯಾಗ್ನರ್ ಬೆಟಿಯೋಲ್ ಸೌತೆಯ ನೆಂಟನಾದ ಝುಕಿನಿಯ ಮೇಲೆ ಇದನ್ನೇ ಪ್ರಯೋಗಿಸಿ 1999ರಲ್ಲಿ ಪ್ರಕಟಿಸಿದ್ದಾರೆ. ಒಂದು ಪಾಲು ಹಾಲು, ಒಂಬತ್ತು ಪಾಲು ನೀರು. ಉಡುಪಿ ಹೋಟೆಲಿನ ಮ್ಯಾನೇಜರರಿಗೆ ಮಾತ್ರ ಸಿಟ್ಟು: “ಅಷ್ಟು ನೀರು ನಾವು ಹಾಕಿದರೆ ಗಿರಾಕಿ ಸುಮ್ಮನಿರ್ತಾರಾ?”

ಮಳೆಗಾಲದ ರೋಗವೇ ಬೇರೆ: ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ. ಅದಕ್ಕೆ ಹಾಲೆರೆದರೆ ಹಾಲು ದಂಡ. ಕೆಟ್ಟ ಎಲೆ ತೆಗೆದು, ಗಾಳಿಯಾಡಲು ಬಿಟ್ಟು, ನೀರನ್ನು ಬುಡಕ್ಕಷ್ಟೇ ಹಾಕಬೇಕು. ಸಸ್ಯಹೇನಿಗೆ ಸಂಜೆ ಹೊತ್ತು ಸಾಬೂನು ನೀರಿನಲ್ಲಿ ಕದಡಿದ ಬೇವಿನೆಣ್ಣೆ. ಹೇನು ಮೊಸಾಯಿಕ್ ವೈರಸ್ ತಂದು ಎಲೆ ಚಿತ್ತಾರವಾಯಿತೋ, ಮದ್ದಿಲ್ಲ, ಬಳ್ಳಿ ಕೀಳಬೇಕು. ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವುದು ರೋಗವೇ ಅಲ್ಲ; ಫೋರ್ಟಿನ ಗುಮಾಸ್ತರೆಲ್ಲ ಹಾಗೆಯೇ.

ಕಡೆಗೂ ಕಾಯಿಯೊಂದು ಬಲಿತಿತು. ವೈದ್ಯಮಂಡಳಿ ಉಪ್ಪು ಖಾರದೊಂದಿಗೆ ಸೇರಿತು. ಕಹಿ! ಬಿಸಿಲಿನ ದಿನ ತಾರಸಿಯ ಟ್ಯಾಂಕು ಬರಿದಾಗಿ ಬಳ್ಳಿ ಬಾಯಾರಿತ್ತು; ಅಂಥ ಹೊತ್ತಿನಲ್ಲಿ ಕಾಯಿಯಲ್ಲಿ ಕುಕರ್ಬಿಟಾಸಿನ್ ಎಂಬ ಕಹಿ ಅಂಶ ಹೆಚ್ಚುತ್ತದೆ ಎಂದೆ. ಯಾರೂ ಒಪ್ಪಲಿಲ್ಲ. ಷೇರಿನವರು ಬೇವಿನೆಣ್ಣೆಯನ್ನು ದೂರಿದರು, ಮ್ಯಾನೇಜರರು ಹಾಲನ್ನು. ತೊಟ್ಟಿನ ಕಡೆಯಲ್ಲೇ ಕಹಿ ಹೆಚ್ಚೆಂದು ಹೆಂಡತಿ ಆ ತುದಿ ಕೊಯ್ದೆಸೆದಳು. ವಕೀಲರು ಮಾತ್ರ, ಸಾಕ್ಷ್ಯ ಸಾಲದೆಂದು, ಇನ್ನೊಂದು ಹೋಳು ಕೇಳಿದರು.