ಎರಡು ತಲೆ, ಒಂದು ಕರೆಂಟು

ನಮ್ಮ ಗದಗ ಸೀಮೆಯಲ್ಲಿ ಒಂಟಿಯಾಗಿರುವುದಕ್ಕೆ ಅಂಥ ಮರ್ಯಾದೆ ಇಲ್ಲ. ಎತ್ತು ಅಂದರೆ ಜೋಡೆತ್ತು. ಮಿರ್ಚಿ ಭಜಿ ಒಂದೇ ಕೊಡಿ ಅಂದರೆ ಅಂಗಡಿಯವನು ‘ಆರಾಮ ಇಲ್ಲೇನ್ರಿ?’ ಎಂದು ಕೇಳುತ್ತಾನೆ. ಊರು ಕೂಡ ಜೋಡಿಯೇ. ‘ಗದಗ’ ಎಂದಷ್ಟೇ ಹೇಳಿ ಬಾಯಿ ಮುಚ್ಚಿದರೆ, ಉಳಿದರ್ಧ ಹೊರಬೀಳುವ ತನಕ ಬೆಟಗೇರಿಯವರು ನಿಮ್ಮ ಮುಖವನ್ನೇ ನೋಡುತ್ತ ನಿಂತಿರುತ್ತಾರೆ. ಇಂಥ ಸೀಮೆಯಲ್ಲಿ ಬೆಳೆದ ಹುಡುಗನಿಗೆ ಒಂದೇ ಪ್ರೊಸೆಸರಿನ ಕಂಪ್ಯೂಟರು ಸಪ್ಪೆ ಅನ್ನಿಸಿದರೆ ತಪ್ಪು ಅವನದಲ್ಲ, ನೀರಿನ ಗುಣ.

ಹುಡುಗ ಅಂದರೆ ನನ್ನ ಅಕ್ಕನ ಮಗ. ಲಕ್ಷ್ಮೇಶ್ವರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಆದಿಕವಿ ಪಂಪ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಟ್ಟ ಊರದು. ಈಗ ಅಲ್ಲಿ ನನ್ನ ಅಳಿಯ ಉದಯದಿಂದ ಅಸ್ತದವರೆಗೆ ಆಡುವ ತಿರುಳ್ಗನ್ನಡ ‘ರೆಂಡರ್’, ‘ಎಕ್ಸ್‌ಪೋರ್ಟ್’ ಮತ್ತು ‘ಹ್ಯಾಂಗ್ ಆತು’.

‘ಮಾಮಾ, ಒಂದ ಮಷಿನ್ ನೋಡೇನಿ. ಸೆಕೆಂಡ್ ಹ್ಯಾಂಡು, ಖರೆ. ಆದ್ರ ಎರಡು ಝಿಯಾನ್ ಪ್ರೊಸೆಸರ್ ಅದಾವು. ಒಟ್ಟ 28 ಕೋರು, 56 ಥ್ರೆಡ್ಡು! ತಗೊಳ್ಳೇನು?’

ಗದಗಿನ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುತ್ತ ತಲೆ ನರೆಸಿಕೊಂಡವನು ನಾನು, ಅದಕ್ಕೇ ಈ ಪ್ರಶ್ನೆ ನನ್ನ ತನಕ ಬಂತು. ಗದಗಿಗೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಕಾಶಿಯಲ್ಲಿದ್ದವನಿಗೆ ಮೋಕ್ಷ ಸಿಗುತ್ತದೋ ಇಲ್ಲವೋ, ಕಂಪ್ಯೂಟರು ಕೆಟ್ಟಾಗ ಮೊದಲು ಅವನನ್ನೇ ಕರೆಯುತ್ತಾರೆ.

ಜೋಡಿ ಪ್ರೊಸೆಸರಿನ ಮಹಿಮೆಯನ್ನು ನಾನು ಹಿಂದೆಯೇ ಕಂಡಿದ್ದೆ. 1999ರಲ್ಲಿ ತೈವಾನಿನ ಅಬಿಟ್ ಕಂಪನಿ ಬಿಪಿ6 ಎಂಬ ಮದರ್‌ಬೋರ್ಡು ತಂದಿತು. ಇಂಟೆಲ್‌ನವರ ಸೆಲೆರಾನ್ ಆಗ ಬಡವರ ಪ್ರೊಸೆಸರು. ಎರಡೆರಡು ಕೂಡಿಸುವ ವೈಭವವೆಲ್ಲ ದುಬಾರಿ ಚಿಪ್ಪುಗಳಿಗೆ ಮೀಸಲು ಎಂದು ಆ ಕಂಪನಿ ಅಂದುಕೊಂಡಿತ್ತು. ಅಬಿಟ್‌ನವರು ಬಡವರನ್ನೇ ಇಬ್ಬರನ್ನು ಪಕ್ಕಪಕ್ಕ ಕೂಡಿಸಿದರು. ನಮ್ಮ ಮಾಲಕರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅದನ್ನು ತಂದರು. ಡಬ್ಬಿಯ ಮುಚ್ಚಳ ತೆಗೆದು, ಪಕ್ಷಪಾತ ಆಗದಂತೆ ಎರಡೂ ಫ್ಯಾನುಗಳಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆದರು.

ಒಳಗೆ ಇದ್ದದ್ದು ವಿಂಡೋಸ್ 98. ಅದು ಎಷ್ಟು ಪ್ರೊಸೆಸರು ಕೂಡಿಸಿದರೂ ಒಂದನ್ನೇ ಕಣ್ಣೆತ್ತಿ ನೋಡುವ ಜಾತಿಯದು. ಎರಡನೆಯದು ಕುಂಕುಮ ಹಚ್ಚಿಕೊಂಡು ಸುಮ್ಮನೆ ಕೂತಿತು. ಮುಂದೆ ವಿಂಡೋಸ್ 2000 ಹಾಕಿದ ಮೇಲೆ ಎರಡೂ ಕಂಡವು. ಆದರೆ ನಾವು ಪುಟ ಕೂಡಿಸುತ್ತಿದ್ದ ಪೇಜ್‌ಮೇಕರ್‌ಗೆ ಇದು ಗೊತ್ತಿದ್ದರಲ್ಲವೇ? ಅದು ಒಂದೇ ಪ್ರೊಸೆಸರಿನ ಬೆನ್ನೇರಿ ಮೊದಲಿನ ಗತಿಯಲ್ಲೇ ಲಗ್ನಪತ್ರಿಕೆ ಕೂಡಿಸಿತು. ‘ನಮ್ಮ ಮಾಮಾನ ಮದುವೆಗೆ ತಪ್ಪದೇ ಬನ್ನಿ’ ಎಂಬ ಸಾಲು ಎರಡು ತಲೆ ಓಡಿಸಿದರೂ ಅಷ್ಟೇ ಹೊತ್ತು ತಗೊಳ್ಳುತ್ತದೆ. ಒಂದು ಲಾಭವಾದದ್ದು ನಿಜ. ಒಂದು ಪ್ರೊಸೆಸರು ಪ್ರಿಂಟು ಕಳಿಸುತ್ತಿರುವಾಗ ಇನ್ನೊಂದರಲ್ಲಿ ಹಾಡು ತಡವರಿಸದೆ ಕೇಳಬಹುದಿತ್ತು. ನೌಕರರು ಹಾಡು ಕೇಳಲೆಂದು ಪ್ರತ್ಯೇಕ ಪ್ರೊಸೆಸರು ಸಾಕಿದೆನೆಂದು ತಿಳಿದ ದಿನ ಮಾಲಕರು ಮೊದಲು ಸ್ಪೀಕರು ಬಿಚ್ಚಿಸಿದರು.

‘ಅದೆಲ್ಲಾ ಹಳೇ ಕಥಿ ಬಿಡ್ರಿ ಮಾಮಾ’ ಅಂದ ಅಳಿಯ.

ಹಳೆಯದೇ. ಆದರೆ ದೊಡ್ಡ ಕಂಪನಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. 2006ರ ಕೊನೆಗೆ ಎಎಂಡಿ ಕಂಪನಿ ಆಟದ ಹುಚ್ಚಿನವರಿಗಾಗಿ ‘ಕ್ವಾಡ್ ಎಫ್‌ಎಕ್ಸ್’ ತಂದಿತು. ಎರಡು ಪ್ರೊಸೆಸರು, ಒಂದೊಂದರಲ್ಲಿ ಎರಡು ಕೋರು. ಅದೇ ಹೊತ್ತಿಗೆ ಇಂಟೆಲ್ ನಾಲ್ಕು ಕೋರುಗಳನ್ನು ಒಂದೇ ಪ್ರೊಸೆಸರಿನಲ್ಲಿ ತುರುಕಿತ್ತು. ಆ ಒಂಟಿ ಸಲಗ ಕಡಿಮೆ ಕರೆಂಟು ತಿಂದು ಈ ಜೋಡಿಯನ್ನು ಹಿಂದೆ ಹಾಕಿತು. ಗೆದ್ದವರು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇರಲಿಲ್ಲ. 2008ರಲ್ಲಿ ಇಂಟೆಲ್ ತಾನೇ ‘ಸ್ಕಲ್‌ಟ್ರೇಲ್’ ಎಂಬ ಜೋಡಿಯನ್ನು ಹೊರಡಿಸಿತು. ತಲೆಬುರುಡೆಯ ಹೆಸರು, ಒಂದೊಂದು ಪ್ರೊಸೆಸರಿಗೆ 1,499 ಡಾಲರು, 150 ವ್ಯಾಟು. ಎಂಟು ಕೋರು ಒಟ್ಟಿಗೆ ದುಡಿಸುವ ಆಟ ಆಗ ಹುಡುಕಿದರೂ ಸಿಗುತ್ತಿರಲಿಲ್ಲ. ಕೊಂಡವರು ಅದನ್ನು ಆಡಿದ್ದಕ್ಕಿಂತ ಮುಚ್ಚಳ ತೆಗೆದು ತೋರಿಸಿದ್ದೇ ಹೆಚ್ಚಿರಬೇಕು ಎಂದು ನನ್ನ ಗುಮಾನಿ.

ಇದರ ಗುಟ್ಟು ತಿಳಿಯಲು ಅಮೆರಿಕದ ತನಕ ಹೋಗುವುದು ಬೇಡ, ಗದಗ-ಬೆಟಗೇರಿ ಸಾಕು. ಹೆಸರಿಗೆ ಅವಳಿ ನಗರ, ನಗರಸಭೆ ಒಂದೇ. ಕುಡಿಯುವ ನೀರು ಮುಂಡರಗಿ ಕಡೆಯ ತುಂಗಭದ್ರೆಯಿಂದ ಪೈಪಿನಲ್ಲಿ ಬರಬೇಕು. ಊರು ಎರಡಾಯಿತೆಂದು ನದಿ ಎರಡಾಗುವುದಿಲ್ಲ. ಇಂಟೆಲ್‌ನ ಹಳೆಯ ಜೋಡಿ ಪ್ರೊಸೆಸರುಗಳ ಪಾಡೂ ಇದೇ ಆಗಿತ್ತು. ಮೆಮೊರಿಯಿಂದ ಮಾಹಿತಿ ತರುವ ದಾರಿ ಒಂದೇ, ಒಬ್ಬ ಕೊಡ ತುಂಬುವಾಗ ಇನ್ನೊಬ್ಬ ಪಾಳಿಯಲ್ಲಿ ನಿಲ್ಲಬೇಕು. ಆಮೇಲೆ ಬಂದ ಝಿಯಾನ್‌ಗಳಲ್ಲಿ ಪ್ರತಿಯೊಂದು ಪ್ರೊಸೆಸರಿಗೂ ಅದರದೇ ಮೆಮೊರಿ ಕೊಟ್ಟರು. ಜಗಳ ತಪ್ಪಿತೇ? ಬೆಟಗೇರಿಯವನಿಗೆ ಬೇಕಾದ ನೀರು ಗದಗಿನ ಟಾಕಿಯಲ್ಲಿದ್ದರೆ ಕೊಡ ಹೊತ್ತು ಅಲ್ಲಿಯ ತನಕ ಹೋಗಿಬರಬೇಕಲ್ಲ, ಆ ಓಡಾಟ ಹೊಸದಾಗಿ ಶುರುವಾಯಿತು.

ಇನ್ನು ಲೆಕ್ಕ. ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ಪಂಡಿತ 1967ರಲ್ಲೇ ಹೇಳಿದ್ದು ಇದು. ಒಂದು ತಾಸಿನ ಕೆಲಸದಲ್ಲಿ ಅರ್ಧ ಮಾತ್ರ ಹಂಚಿಕೊಳ್ಳಲು ಬರುವಂಥದ್ದಾದರೆ, ಎರಡು ಪ್ರೊಸೆಸರು ಹಚ್ಚಿದರೂ 45 ನಿಮಿಷ ಬೇಕೇ ಬೇಕು. ಸಾವಿರ ಹಚ್ಚಿದರೂ ಅರ್ಧ ತಾಸಿನ ಕೆಳಗೆ ಇಳಿಯದು. ಆದ್ದರಿಂದ ಕೇಳಬೇಕಾದ್ದು ಎಷ್ಟು ತಲೆ ಇವೆ ಎಂದಲ್ಲ, ಹಂಚುವಂಥ ಕೆಲಸ ನಿನ್ನ ಹತ್ತಿರ ಇದೆಯೇ ಎಂದು. ಆ್ಯನಿಮೇಷನ್ ಸಿನಿಮಾ ಮಾಡುವವರ ಹತ್ತಿರ ಇದೆ, ಅಲ್ಲಿ ಒಂದೊಂದು ಚಿತ್ರಿಕೆಯನ್ನೂ ಬೇರೆಬೇರೆ ಲೆಕ್ಕ ಹಾಕಬಹುದು. ಹವಾಮಾನ, ಯಂತ್ರವಿನ್ಯಾಸ ಎಂದು ದೊಡ್ಡ ಲೆಕ್ಕ ಮಾಡುವವರ ಹತ್ತಿರವೂ ಇದೆ. ಅಂಥವರು ಕೊಳ್ಳಲಿ, ಎರಡು ಸಾಲದಿದ್ದರೆ ನಾಲ್ಕು ಕೊಳ್ಳಲಿ.

ಅಳಿಯನ ಹತ್ತಿರ ಇರುವುದು ಮದುವೆ. ಅರಿಷಿಣ, ಸುರಗಿ, ಅಕ್ಕಿಕಾಳು, ಬೀಗರ ಊಟ. ಎಲ್ಲ ಕತ್ತರಿಸಿ ಜೋಡಿಸಿ ಕೊನೆಗೆ ವಿಡಿಯೊ ಕಡತವಾಗಿ ಹೊರತೆಗೆಯಬೇಕು. ತಮಾಷೆ ಇರುವುದು ಇಲ್ಲಿಯೇ. ಅವನು ನೋಡಿಟ್ಟಿದ್ದು 2016ರ ಝಿಯಾನ್ ಇ5-2680 ವಿ4. ಹೊಸದಿದ್ದಾಗ ಒಂದೊಂದರ ಪಟ್ಟಿ ಬೆಲೆ 1,745 ಡಾಲರು, ಎಂದರೆ ನಮ್ಮ ಲಕ್ಷ ರೂಪಾಯಿಗೂ ಮೇಲೆ. ದೊಡ್ಡ ದೊಡ್ಡ ಕಂಪನಿಗಳ ಸರ್ವರುಗಳಲ್ಲಿ ದುಡಿದು, ನಿವೃತ್ತಿಯಾಗಿ, ಈಗ ಕೆಲವೇ ಸಾವಿರಕ್ಕೆ ಕೈಗೆ ಸಿಗುತ್ತದೆ. ಆದರೆ ಮನೆಬಳಕೆಯ ಸಾಧಾರಣ ಐ5ನಲ್ಲಿ ಇಂಟೆಲ್‌ನವರು 2011ರಿಂದ ವಿಡಿಯೊಗೆಂದೇ ‘ಕ್ವಿಕ್ ಸಿಂಕ್’ ಎಂಬ ಒಂದು ಮೂಲೆ ಮೀಸಲಿಟ್ಟಿದ್ದಾರೆ. ಈ ದೊಡ್ಡ ಝಿಯಾನ್‌ನಲ್ಲಿ ಆ ಮೂಲೆಯೇ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಹಾಕಿದರೆ ಆ ಕೆಲಸವನ್ನು ಕಾರ್ಡೇ ಮಾಡಿ ಮುಗಿಸುತ್ತದೆ. ಆಗ 56 ಥ್ರೆಡ್ಡುಗಳಲ್ಲಿ ಬಹುಪಾಲು ಮದುವೆಗೆ ಬಂದ ದೂರದ ಬಳಗದಂತೆ ಉಂಡು ಕೂತಿರುತ್ತವೆ. ಮೇಲಾಗಿ ಅವನ ಹತ್ತಿರ ಇರುವುದು ವಿಂಡೋಸ್ ಹೋಂ. 98ರ ಚಾಳಿಯನ್ನು ಅದು ಇನ್ನೂ ಬಿಟ್ಟಿಲ್ಲ, ಎರಡನೆಯ ಪ್ರೊಸೆಸರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ ಪ್ರೊ ಬೇಕು, ಪ್ರೊಗೆ ಮತ್ತೆ ರೊಕ್ಕ ಬೇಕು.

‘ಕರೆಂಟಿಂದು ಏನ್ ಮಾಡ್ತಿ? ಎರಡಕ್ಕೂ ಕೂಡಿ 240 ವ್ಯಾಟು. ಯುಪಿಎಸ್ ತಡೀತೈತೇನು?’

‘ಕಪ್ಪತಗುಡ್ಡದ ಮ್ಯಾಲೆ ಅಷ್ಟ ಗಾಳಿ ಫ್ಯಾನ್ ತಿರಗ್ತಾವಲ್ರಿ ಮಾಮಾ!’

ತಿರುಗುತ್ತವೆ. ಆ ಕರೆಂಟು ಎಲ್ಲಿಗೆ ಹೋಗುತ್ತದೋ, ಎಕ್ಸ್‌ಪೋರ್ಟು 98 ಪರ್ಸೆಂಟಿಗೆ ಬಂದಾಗ ಮಾತ್ರ ಲಕ್ಷ್ಮೇಶ್ವರಕ್ಕೆ ಬರುವುದಿಲ್ಲ. ಬಿಸಿಲಿನ ಮಾತು ಬೇರೆ. ನಮ್ಮ ಏಪ್ರಿಲ್‌ನಲ್ಲಿ ಪ್ರೊಸೆಸರು ತಣ್ಣಗಿಡಲು ವಾಟರ್ ಕೂಲಿಂಗ್ ಹಾಕಿಸುತ್ತೇನೆ ಎಂದ. ಅದು ಗದುಗಿಗೆ ಹೊಸದಲ್ಲ ಎಂದೆ. ಕುಮಾರವ್ಯಾಸ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ, ಮಿಂದ ಒದ್ದೆ ಬಟ್ಟೆ ಆರುವ ತನಕ ಕಾವ್ಯ ಕಟ್ಟುತ್ತಿದ್ದನಂತೆ, ಹಾಗೆಂದು ಐತಿಹ್ಯ. ಒಂದೇ ಪ್ರೊಸೆಸರು, ಹತ್ತು ಪರ್ವ.

ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು. ಅವಳು ಕಂಪ್ಯೂಟರಿನ ಧೂಳು ಒರೆಸುವುದು ಬಿಟ್ಟರೆ ಅದನ್ನು ಮುಟ್ಟಿದವಳಲ್ಲ.

‘ಅಲ್ಲೋ ತಮ್ಮಾ, ಎರಡ ಅದಾವಂದ್ರ ಒಂದ ಮುಹೂರ್ತದಾಗ ಎರಡ ಮದುವಿ ಕೆಲಸ ಮಾಡ್ತೈತೇನು?’

ನಾನು ದಂಗಾದೆ. ಜೋಡಿ ಪ್ರೊಸೆಸರಿನ ಖರೆ ಸುಖ ಅದೇ. ಒಂದು ಕೆಲಸವನ್ನು ಎರಡು ಪಟ್ಟು ಬೇಗ ಮುಗಿಸುವುದು ಅದಕ್ಕೆ ಕಷ್ಟ, ಎರಡು ಬೇರೆ ಕೆಲಸಗಳನ್ನು ಪಕ್ಕಪಕ್ಕದಲ್ಲಿ ಸಾಗಿಸುವುದು ಸುಲಭ. ‘ಮಾಡ್ತೈತಿ ಅಕ್ಕಾ’ ಅಂದೆ.

‘ಮತ್ತ ಅದೇ ಮುಹೂರ್ತದಾಗ ಎರಡೂ ಮದುವಿಯೊಳಗ ಕ್ಯಾಮೆರಾ ಹಿಡಿಯಾವ್ರು ಯಾರು? ಇಂವ ಒಬ್ಬನ ಅಲಾ?’

ಆಮ್ಡಾಲ್ ಸಾಹೇಬರು ಗಣಿತ ಹಾಕಿ ಹೇಳಿದ್ದನ್ನು ಅಕ್ಕ ರೊಟ್ಟಿ ಬಡಿಯುತ್ತ ಹೇಳಿ ಫೋನು ಇಟ್ಟಳು.

ಅಳಿಯ ಐ5 ಕೊಂಡ. ಉಳಿದ ರೊಕ್ಕದಲ್ಲಿ ದೊಡ್ಡ ಬ್ಯಾಟರಿಯ ಯುಪಿಎಸ್ ತಂದ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶಿರಹಟ್ಟಿಯ ಸ್ಟುಡಿಯೊದವನು ಹೊಸ ಡ್ರೋನು ತಂದು ಫಕೀರೇಶ್ವರ ಮಠದ ಜಾತ್ರೆಯಲ್ಲಿ ಹಾರಿಸಿಬಿಟ್ಟಿದ್ದ. ಅದಕ್ಕೆ ಸಡ್ಡು ಹೊಡೆಯಲು ನಮ್ಮವನು ಝಿಯಾನ್ ಬರುವ ಮೊದಲೇ ಗದಗಿನಲ್ಲಿ ಆಳೆತ್ತರದ ಫ್ಲೆಕ್ಸು ಮಾಡಿಸಿ ಬಾಗಿಲ ಮೇಲೆ ಕಟ್ಟಿಸಿದ್ದ: ‘ಇಲ್ಲಿ ಡಬಲ್ ಪ್ರೊಸೆಸರಿನಲ್ಲಿ ಮದುವೆ ವಿಡಿಯೊ ಮಾಡಿಕೊಡಲಾಗುವುದು’. ಬಲಕ್ಕೊಂದು, ಎಡಕ್ಕೊಂದು ಪ್ರೊಸೆಸರಿನ ಚಿತ್ರ, ನಡುವೆ ಅವನದೇ ಫೋಟೊ. ಬಿಚ್ಚಲು ಏಣಿ ಸಿಗಲಿಲ್ಲವಂತೆ.

ಗಿರಾಕಿಗಳು ಏರಿದರು. ಲಗ್ನಸರಾಯಿಯಲ್ಲಿ ಮುಂಡರಗಿ ಕಡೆಯ ಹಿರಿಯರೊಬ್ಬರು ಮಗಳ ಮದುವೆಗೆ ಮುಂಗಡ ಕೊಡಲು ಬಂದಾಗ ನಾನೂ ಅಲ್ಲೇ ಕೂತಿದ್ದೆ. ಫ್ಲೆಕ್ಸನ್ನು ಮೇಲಿಂದ ಕೆಳಗೆ ಓದಿ, ನೋಟು ಎಣಿಸಿ, ಅಳಿಯನ ಕಿವಿಯ ಹತ್ತಿರ ಬಗ್ಗಿದರು.

‘ತಮ್ಮಾ, ನಮ್ಮ ಮದುವಿ ಎರಡನೇದ್ರಾಗ ಹಾಕು. ಮೊದಲನೇದು ಸೀಜನ್ನಿನಾಗ ಭಾಳ ದುಡದು ದಣದಿರ್ತೈತಿ.’

ಅಳಿಯ ನನ್ನ ಮುಖ ನೋಡಲಿಲ್ಲ.

‘ಹಾಕೋಣ್ರಿ ಯಜಮಾನ್ರ. ಅದಕ್ಕ ಐದನೂರು ಜಾಸ್ತಿ ಆಕ್ಕೈತಿ.’