ಕೊಬ್ಬರಿ ಮಂಡಿಯಲ್ಲಿ ಅಗ್ನಿವಿದ್ಯಾ ವಿಚಾರ

ಅಗ್ನಿಶಾಮಕ ವೃತ್ತಿಯು, ಎಂದರೆ ಬೆಂಕಿ ಆರಿಸುವುದನ್ನೂ ಆಪತ್ತಿಗೆ ಸಿಕ್ಕವರನ್ನು ಪಾರುಮಾಡುವುದನ್ನೂ ಕಸುಬಾಗಿ ಉಳ್ಳ ಉದ್ಯೋಗವು, ವೈದ್ಯ, ಎಂಜಿನಿಯರ್, ಬ್ಯಾಂಕ್ ನೌಕರ ಎಂಬ ರೂಢಿಯ ಪಟ್ಟಿಗೆ ಸೇರದೆ ಹೊರಗುಳಿದಿರುವುದರಿಂದ, ಅದಕ್ಕೆ ಏನು ಓದಬೇಕು, ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆ ಎದ್ದಾಗ ಉತ್ತರ ಬಲ್ಲವರಿಗಿಂತ ಉತ್ತರ ಕೊಡುವವರ ಸಂಖ್ಯೆಯೇ ಹೆಚ್ಚಾಗಿರುತ್ತದೆ. ಮುಂದಿನ ಸಂವಾದವನ್ನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ, ಅಂದರೆ ಬೆಳೆಗಾರರಿಂದ ಕೊಬ್ಬರಿ ಕೊಂಡು ದಾಸ್ತಾನಿಟ್ಟು ಮಾರುವ ಅಂಗಡಿಯಲ್ಲಿ, ನಡೆದಂತೆ ಕಲ್ಪಿಸಲಾಗಿದೆ. ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಒಡೆಯದೆ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಉಂಡೆ ಕೊಬ್ಬರಿಯಾಗಿ ತೆಗೆಯುವ ಪದ್ಧತಿ ಇದೆ; ಹೀಗೆ ಎಣ್ಣೆ, ನಾರು, ಕರಟ ಮೂರೂ ಒಂದೇ ಸೂರಿನಡಿ ಸೇರುವ ಜಾಗವು ಬೆಂಕಿಯ ವಿಚಾರಕ್ಕೆ ತಕ್ಕುದಾಗಿದೆ. ಸಂವಾದದಲ್ಲಿ ಭಾಗವಹಿಸುವವರು ಮಂಡಿಯ ಯಜಮಾನರಾದ ಸಿದ್ಧಪ್ಪನವರು, ಅವರ ಪತ್ನಿ ಗೌರಮ್ಮ, ಮಕ್ಕಳಾದ ಮಂಜು ಮತ್ತು ಸುಮಾ, ಗೌರಮ್ಮನವರ ತಮ್ಮ ಪುಟ್ಟಸ್ವಾಮಿ, ಹಾಗೂ ಪಕ್ಕದ ಮನೆಯ ಹನುಮಂತಪ್ಪನವರು. ಈ ಕೊನೆಯವರು ಲೀಡಿಂಗ್ ಫೈರ್‌ಮನ್ ಹುದ್ದೆಯಿಂದ, ಅಂದರೆ ಒಂದು ತಂಡದ ಫೈರ್‌ಮನ್‌ಗಳ ಮುಂದಾಳಿನ ಸ್ಥಾನದಿಂದ, ನಿವೃತ್ತರಾದವರು. ಆಡುಮಾತನ್ನು ಗ್ರಂಥಭಾಷೆಗೆ ತರುವಾಗ ಗೌರಮ್ಮನವರ ಕೆಲವು ಬೈಗುಳಗಳನ್ನು ಕೈಬಿಡಬೇಕಾಗಿ ಬಂದುದು ಈ ಪಾಠಕ್ಕೆ ಒದಗಿದ ದೊಡ್ಡ ನಷ್ಟ.

ಸಿದ್ಧಪ್ಪ: ಹನುಮಂತಣ್ಣ, ಪಿಯುಸಿ ಫಲಿತಾಂಶ ಬಂದಂದಿನಿಂದ ಈ ಹುಡುಗ ಕೆಂಪು ಗಾಡಿ ಹತ್ತುವೆನೆಂದು ಹಟ ಹಿಡಿದಿದ್ದಾನೆ. ಅದೇ ಗಾಡಿಯಲ್ಲಿ ಆಯುಷ್ಯ ಕಳೆದವರು ತಾವು. ಅದರಲ್ಲಿ ಏನೂ ಇಲ್ಲವೆಂದು ಒಂದು ಮಾತು ಹೇಳಿದರೆ ಇವನು ತಣ್ಣಗಾಗುತ್ತಾನೆ.

ಹನುಮಂತಪ್ಪ: ತಣ್ಣಗೆ ಮಾಡುವುದೇ ಆ ಕೆಲಸದ ಸಾರವಾದರೂ, ಹುಡುಗರ ಮೇಲೆ ನೀರು ಬಿಡಲು ಇಲಾಖೆಯ ಆದೇಶವಿಲ್ಲ, ಸಿದ್ಧಪ್ಪನವರೇ. ಮಂಜು, ಪಿಯುಸಿಯಲ್ಲಿ ಏನು ತೆಗೆದುಕೊಂಡಿದ್ದೆ?

ಮಂಜು: ವಾಣಿಜ್ಯ, ದೊಡ್ಡಪ್ಪ.

ಪುಟ್ಟಸ್ವಾಮಿ: ವಾಣಿಜ್ಯವಾದರೇನು, ಭಾವ? ಈ ಕರಪತ್ರವನ್ನು ನೋಡಬೇಕು. ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ, ಅವಧಿ ಆರೇ ತಿಂಗಳು, ನೂರಕ್ಕೆ ನೂರು ಉದ್ಯೋಗ ಖಾತರಿ. ಚಿತ್ರದಲ್ಲಿರುವ ಮನುಷ್ಯ ಹೆಲ್ಮೆಟ್ ಧರಿಸಿ ದುಬೈನಲ್ಲಿ ನಿಂತಿದ್ದಾನೆ. ನಲವತ್ತೈದು ಸಾವಿರ ಕಟ್ಟಿದರೆ ಮಂಜುವೂ ಅಲ್ಲಿಯೇ ನಿಲ್ಲುತ್ತಾನೆ.

ಗೌರಮ್ಮ: ನಿಲ್ಲುವುದಕ್ಕೆ ನಲವತ್ತೈದು ಸಾವಿರವೇ, ಪುಟ್ಟಾ? ಆ ಹೆಲ್ಮೆಟ್ ನೋಡಿದರೆ ನಮ್ಮ ಮನೆ ಕಟ್ಟಿದ ಮೇಸ್ತ್ರಿಯದರಂತೆ ಹಳದಿಯಾಗಿದೆ. ಬೆಂಕಿ ಆರಿಸುವವರು ಇದನ್ನೇ ಹಾಕುತ್ತಾರೆಯೇ?

ಹೆಲ್ಮೆಟ್ಟಿನ ಬಣ್ಣದಿಂದ ವೃತ್ತಿಯನ್ನು ನಿರ್ಣಯಿಸುವುದು ಶಾಸ್ತ್ರೀಯವಲ್ಲದಿದ್ದರೂ, ಈ ವಿಷಯದ ಮುಖ್ಯ ಗೊಂದಲಕ್ಕೆ ಗೌರಮ್ಮನವರು ಒಂದೇ ನೋಟದಲ್ಲಿ ಕೈಯಿಟ್ಟಿದ್ದರು. ಬೆಂಕಿ ಬೀಳದಂತೆ ನೋಡಿಕೊಳ್ಳುವ ಸುರಕ್ಷತಾ ಅಧಿಕಾರಿ ಮತ್ತು ಬಿದ್ದ ಬೆಂಕಿಯನ್ನು ಆರಿಸುವ ಅಗ್ನಿಶಾಮಕ ಎಂಬ ಎರಡು ಬೇರೆ ಬೇರೆ ಉದ್ಯೋಗಗಳನ್ನು ಒಂದೇ ಹೆಸರಿನಡಿ ಮಾರುವವರು ಊರೂರಿಗೂ ಇದ್ದಾರೆ.

ಹನುಮಂತಪ್ಪ: ಹಾಕುವುದಿಲ್ಲ ತಾಯಿ. ಚಿತ್ರದಲ್ಲಿರುವವನು ಕಾರ್ಖಾನೆಯ ಸುರಕ್ಷತೆ ನೋಡುವವನು. 1948ರ ಕಾರ್ಖಾನೆಗಳ ಅಧಿನಿಯಮದ 40-ಬಿ ಪ್ರಕರಣದಲ್ಲಿ, ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯು ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕೆಂದಿತ್ತು. ಅವರ ವಿದ್ಯಾರ್ಹತೆಯನ್ನು ಗೊತ್ತುಮಾಡುವುದು ರಾಜ್ಯ ಸರ್ಕಾರದ ನಿಯಮ, ಕರಪತ್ರವಲ್ಲ. ಅದೂ ಗೌರವದ ಕೆಲಸವೇ. ಆದರೆ ಮಂಜುವಿಗೆ ಏಣಿ ಹತ್ತುವ ಆಸೆಯೋ, ಏಣಿ ಸರಿಯಿದೆಯೆಂದು ರಿಜಿಸ್ಟರಿನಲ್ಲಿ ಬರೆಯುವ ಆಸೆಯೋ?

ಮಂಜು: ಹತ್ತುವ ಆಸೆ.

ಹನುಮಂತಪ್ಪ: ಹಾಗಾದರೆ ಆ ಹಣವನ್ನು ಪೆಟ್ಟಿಗೆಯಲ್ಲೇ ಇಡಿ. ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಲ್ಲಿ ಫೈರ್‌ಮನ್ ಹುದ್ದೆಗೆ ಕೇಳುವ ಓದು ಎಸ್‌ಎಸ್‌ಎಲ್‌ಸಿ. ಚಾಲಕನಾಗಬೇಕಾದರೆ ಅದರ ಜೊತೆಗೆ ಭಾರಿ ವಾಹನದ ಲೈಸೆನ್ಸು ಬೇಕು. ಠಾಣಾಧಿಕಾರಿಗೆ ಪದವಿ ಬೇಕು, ಯಾವ ವಿಷಯದ ಪದವಿ ಎಂಬುದನ್ನು ಆಯಾ ಅಧಿಸೂಚನೆಯಲ್ಲಿಯೇ ಓದಬೇಕು. ಲಿಖಿತ ಪರೀಕ್ಷೆ, ಎತ್ತರ ಮತ್ತು ಎದೆಯ ಅಳತೆ, ಓಟ, ವೈದ್ಯಕೀಯ ತಪಾಸಣೆ ಇವೆಲ್ಲ ದಾಟಿ ಆಯ್ಕೆಯಾದ ಮೇಲೆ ಬೆಂಕಿಯ ಪಾಠವನ್ನು ಇಲಾಖೆಯೇ ಹೇಳಿಕೊಡುತ್ತದೆ. ಅದಕ್ಕೆಂದೇ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್. ಎ. ಮುಂಡ್ಕೂರ್ ಅವರ ಹೆಸರಿನ ಅಕಾಡೆಮಿ ಇದೆ.

ಸಿದ್ಧಪ್ಪ: ಅಂದರೆ ಸರಕು ಕೊಳ್ಳುವ ಮುನ್ನ ಹಣ ಕೊಡಬೇಕಾಗಿಲ್ಲ, ಸರಕನ್ನು ಹದಮಾಡುವ ಖರ್ಚೂ ಅವರದೇ. ಇಂಥ ವ್ಯಾಪಾರವನ್ನು ಈ ಮಾರುಕಟ್ಟೆಯಲ್ಲಿ ಯಾರೂ ಕಂಡಿಲ್ಲ.

ಪುಟ್ಟಸ್ವಾಮಿ: ಆದರೆ ಕೈಯಲ್ಲಿ ಒಂದು ಪ್ರಮಾಣಪತ್ರವಿದ್ದರೆ ಓಟದಲ್ಲಿ ಸ್ವಲ್ಪ ರಿಯಾಯಿತಿ ಸಿಗಬಹುದಲ್ಲವೇ?

ಹನುಮಂತಪ್ಪ: ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಓಡಿದರೆ ಗಾಳಿಯ ತಡೆ ಹೆಚ್ಚಾಗುತ್ತದೆ, ಪುಟ್ಟಸ್ವಾಮಿ.

ಗೌರಮ್ಮ: ಓಟ, ಏಣಿ ಎಲ್ಲ ಇರಲಿ. ಬೆಂಕಿಯ ಒಳಗೆ ಹೋಗುವ ಕೆಲಸಕ್ಕೆ ಹೆತ್ತ ಮಗನನ್ನು ಕಳಿಸುವುದು ಹೇಗೆ? ಬಾಣಲೆಯ ಎಣ್ಣೆ ಒಮ್ಮೆ ಹೊತ್ತಿಕೊಂಡಾಗ ಇದೇ ಮಗ ಒಂದು ಚೊಂಬು ನೀರು ಹಿಡಿದುಕೊಂಡು ಓಡಿ ಬಂದಿದ್ದ.

ಹನುಮಂತಪ್ಪ: ಆಗ ತಾವೇನು ಮಾಡಿದಿರಿ?

ಗೌರಮ್ಮ: ಚೊಂಬನ್ನು ಕಿತ್ತಿಟ್ಟು, ಒಲೆ ಆರಿಸಿ, ಬಾಣಲೆಗೆ ತಟ್ಟೆ ಮುಚ್ಚಿದೆವು. ಇನ್ನೇನು ಮಾಡುವುದು?

ಹನುಮಂತಪ್ಪ: ಅಗ್ನಿಶಾಸ್ತ್ರದ ಮೊದಲ ಪಾಠ ಈ ಮನೆಯ ಅಡುಗೆಮನೆಯಲ್ಲಿಯೇ ಮುಗಿದಿದೆ! ಉರಿಯುವ ವಸ್ತು, ಶಾಖ, ಆಮ್ಲಜನಕ ಈ ಮೂರೂ ಕೂಡಿದರೆ ಬೆಂಕಿ. ಇದನ್ನು ಅಗ್ನಿ ತ್ರಿಕೋನವೆನ್ನುತ್ತಾರೆ. ಒಂದು ಭುಜವನ್ನು ಕಿತ್ತರೆ ಉಳಿದೆರಡು ನಿಲ್ಲುವುದಿಲ್ಲ. ತಾವು ಒಲೆ ಆರಿಸಿ ಶಾಖ ಬರುವುದನ್ನು ನಿಲ್ಲಿಸಿದಿರಿ, ತಟ್ಟೆ ಮುಚ್ಚಿ ಗಾಳಿಯನ್ನು ತಡೆದಿರಿ. ಮಂಜು ನೀರು ಸುರಿದಿದ್ದರೆ ಅದು ಎಣ್ಣೆಯ ತಳಕ್ಕಿಳಿದು, ಕ್ಷಣಮಾತ್ರದಲ್ಲಿ ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿಗೆ ಎರಚುತ್ತಿತ್ತು.

ಮಂಜು: ಹಾಗಾದರೆ ಅಮ್ಮನಿಗೇ ಅರ್ಜಿ ಹಾಕಿಸಬಹುದು.

ಗೌರಮ್ಮ: ವಯಸ್ಸಿನ ಮಿತಿಯೊಂದು ಅಡ್ಡ ಬಂತು, ಇಲ್ಲದಿದ್ದರೆ ಈ ಮನೆಯಿಂದ ಎಂದೋ ಪಾರಾಗಬಹುದಾಗಿತ್ತು.

ಈ ಹಂತದಲ್ಲಿ ಹನುಮಂತಪ್ಪನವರ ದೃಷ್ಟಿಯು ಗೋಡೆಗೆ ತಗುಲಿಹಾಕಿದ್ದ ಅಗ್ನಿನಂದಕದ ಮೇಲೆ ಬಿತ್ತು. ಅಗ್ನಿನಂದಕವೆಂದರೆ ಬೆಂಕಿ ಚಿಕ್ಕದಿರುವಾಗಲೇ ಆರಿಸಲು ಒತ್ತಡದಲ್ಲಿ ಪುಡಿಯನ್ನೋ ಅನಿಲವನ್ನೋ ತುಂಬಿಟ್ಟ ಕೆಂಪು ಸಿಲಿಂಡರು. ಸಿದ್ಧಪ್ಪನವರ ಸಿಲಿಂಡರಿಗೆ ಆಯುಧಪೂಜೆಯಲ್ಲಿ ಮೂರು ಬೆರಳಿನ ವಿಭೂತಿಯನ್ನೂ ಅದರ ನಡುವೆ ಕುಂಕುಮವನ್ನೂ ಹಚ್ಚಲಾಗಿತ್ತು. ಕೊರಳಲ್ಲಿ ಒಣಗಿದ ಚೆಂಡುಹೂವಿನ ಹಾರವೂ, ಹಿಡಿಕೆಯಲ್ಲಿ ಲೆಕ್ಕದ ಚೀಟಿಗಳ ಚೀಲವೂ ನೇತಾಡುತ್ತಿದ್ದವು.

ಹನುಮಂತಪ್ಪ: ಈ ದೇವರ ಒತ್ತಡಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದು ವಿಭೂತಿಯ ಹಿಂದೆ ಅಡಗಿದೆಯಲ್ಲ, ಸಿದ್ಧಪ್ಪನವರೇ. ಕೊನೆಯ ಬಾರಿ ಪುಡಿ ತುಂಬಿಸಿದ್ದು ಯಾವಾಗ?

ಸಿದ್ಧಪ್ಪ: ತುಂಬಿಸುವುದೇಕೆ? ಬಳಸಿಯೇ ಇಲ್ಲ. ಹೊಸದರಂತೆಯೇ ಇದೆ.

ಹನುಮಂತಪ್ಪ: ಹಿತ್ತಿಲಲ್ಲಿ ಸಿಪ್ಪೆ, ಕರಟಗಳ ರಾಶಿ, ಪಕ್ಕದಲ್ಲಿ ಎಣ್ಣೆಯ ಡಬ್ಬಗಳು, ಮೇಲೆ ಅಟ್ಟದ ತುಂಬ ಕಾಯಿ. ಸಿಪ್ಪೆಯದು ಎ ವರ್ಗದ ಬೆಂಕಿ, ಅಂದರೆ ಘನವಸ್ತುವಿನದು, ಅದಕ್ಕೆ ನೀರು ಸಾಕು. ಎಣ್ಣೆಯದು ಬಿ ವರ್ಗ, ಅದಕ್ಕೆ ನೊರೆಯೋ ಪುಡಿಯೋ ಬೇಕು. ಇನ್ನು ಸರಿಯಾಗಿ ಒಣಗದ ಕೊಬ್ಬರಿಯ ರಾಶಿಯು ಯಾರೂ ಕಡ್ಡಿ ಗೀರದೆಯೇ ಒಳಗೊಳಗೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು; ಆದ್ದರಿಂದಲೇ ಹಡಗಿನಲ್ಲಿ ಅಪಾಯಕಾರಿ ಸರಕು ಸಾಗಿಸುವ ಅಂತರರಾಷ್ಟ್ರೀಯ ಸಂಹಿತೆಯು ಕೊಬ್ಬರಿಯನ್ನು ತಾನಾಗಿ ಹೊತ್ತಿಕೊಳ್ಳುವ ಪದಾರ್ಥಗಳ ಸಾಲಿನಲ್ಲಿಟ್ಟಿದೆ.

ಸಿದ್ಧಪ್ಪ: ಕೊಬ್ಬರಿಯನ್ನೇ? ತಾತನ ಕಾಲದಿಂದ ಅನ್ನ ಹಾಕಿದ ಕೊಬ್ಬರಿಯ ಮೇಲೆ ಇಂಥ ಅಪವಾದವೇ?

ಹನುಮಂತಪ್ಪ: ಸರಕಿನ ಗುಣ ಅರಿಯದಿದ್ದರೆ ಏನಾಗುತ್ತದೆಂಬುದಕ್ಕೆ 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್ ಸಾಕ್ಷಿ. ಎಸ್‌ಎಸ್ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಿದ್ದರು, ಜೊತೆಗೆ ಚಿನ್ನದ ಗಟ್ಟಿಗಳೂ ಇದ್ದವು. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕರು ಸ್ಫೋಟದಲ್ಲಿ ಮಡಿದರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಅವರ ನೆನಪಿಗಾಗಿ. ಮಂಜು, ರಸಾಯನಶಾಸ್ತ್ರ ಬೇಡವೆಂದು ವಾಣಿಜ್ಯಕ್ಕೆ ಹೋದವನು ಅಲ್ಲವೇ ನೀನು? ಅಕಾಡೆಮಿಯಲ್ಲಿ ಅದು ಮತ್ತೆ ಎದುರಾಗುತ್ತದೆ.

ಮಂಜು: ಅಲ್ಲಿಯೂ ಪುಸ್ತಕವೇ, ದೊಡ್ಡಪ್ಪ?

ಹನುಮಂತಪ್ಪ: ಪುಸ್ತಕ ಹಗುರ. ಮುಂಜಾನೆ ಕವಾಯತು, ಆಮೇಲೆ ಹೋಸ್ ಡ್ರಿಲ್. ಹೋಸ್ ಎಂದರೆ 63 ಮಿಲಿಮೀಟರ್ ವ್ಯಾಸದ ನೀರಿನ ಕೊಳವೆ. ಅದರ ತುದಿಯ ಲೋಹದ ಮೂತಿಗೆ ಬ್ರಾಂಚ್ ಎನ್ನುತ್ತೇವೆ. ಪಂಪು ಒತ್ತಡ ಕೊಟ್ಟಾಗ ಅದು ಹಿಡಿದವನನ್ನು ಹಿಂದಕ್ಕೆ ತಳ್ಳುತ್ತದೆ, ಒಬ್ಬನೇ ಹಿಡಿದು ಪೌರುಷ ತೋರಿದವನು ಕೆಸರಿನಲ್ಲಿ ಕುಳಿತಿರುತ್ತಾನೆ. ಏಣಿಯ ಡ್ರಿಲ್ಲು, ಹಗ್ಗದ ಗಂಟುಗಳು, ಪ್ರಥಮ ಚಿಕಿತ್ಸೆ, ಮೂರ್ಛೆ ಹೋದವನನ್ನು ಹೆಗಲ ಮೇಲೆ ಹೊತ್ತು ಇಳಿಸುವುದು. ಬಿ.ಎ. ಸೆಟ್, ಅಂದರೆ ಉಸಿರಾಟಕ್ಕೆ ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು, ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿ ಗೋಡೆ ತಡವಿಕೊಂಡು ಹೋಗುವುದು. ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬಾರದು, ಮಗು. ಹೋದ ದಾರಿಯನ್ನು ಕೈ ನೆನಪಿಟ್ಟುಕೊಳ್ಳಬೇಕು. ಇಷ್ಟೆಲ್ಲ ಕಲಿತು ಠಾಣೆಗೆ ಬಂದ ಮೇಲೆ ಮೊದಲ ಕರೆ ಬರುವುದು ಬಾವಿಗೆ ಬಿದ್ದ ಎಮ್ಮೆಯದು.

ಗೌರಮ್ಮ: ಎಮ್ಮೆಯಾದರೆ ಚಿಂತೆಯಿಲ್ಲ. ಅದು ಸುಡುವುದಿಲ್ಲ.

ಹನುಮಂತಪ್ಪ: ಒದೆಯುತ್ತದೆ, ತಾಯಿ.

ತಾಯಿಯ ವಿರೋಧವು ಎಮ್ಮೆಯ ಮೂಲಕ ಅರ್ಧ ಕರಗಿದ್ದನ್ನು ಗಮನಿಸಿದ ಪುಟ್ಟಸ್ವಾಮಿ, ಸರ್ಕಾರಿ ಠಾಣೆಯಲ್ಲದೆ ಬೇರೆ ದಾರಿಗಳೂ ಇರಬೇಕೆಂದು ವಾದಿಸಿದನು. ಅದರಲ್ಲಿ ಅವನ ಉದ್ದೇಶ ಏನೇ ಇರಲಿ, ಪ್ರಶ್ನೆ ಸಾಧುವಾದದ್ದೇ.

ಹನುಮಂತಪ್ಪ: ಇವೆ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್‌ಎಫ್‌ಗೆ, ತನ್ನದೇ ಅಗ್ನಿಶಾಮಕ ವಿಭಾಗವಿದೆ. ಅಲ್ಲಿಯ ಕಾನ್‌ಸ್ಟೆಬಲ್ ಹುದ್ದೆಗೆ 24 ನಿಮಿಷದಲ್ಲಿ 5 ಕಿಲೋಮೀಟರ್ ಓಡಬೇಕು, ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ವಿಮಾನ ನಿಲ್ದಾಣಗಳದು ಮತ್ತೊಂದು ಲೋಕ. ಓಡುದಾರಿಯ ಯಾವ ತುದಿಗಾದರೂ ಮೂರು ನಿಮಿಷದೊಳಗೆ ಗಾಡಿ ತಲುಪಬೇಕೆಂಬ ಅಂತರರಾಷ್ಟ್ರೀಯ ಕಟ್ಟಳೆ ಇರುವುದರಿಂದ ಅಲ್ಲಿ ಭಾರಿ ವಾಹನ ಓಡಿಸಬಲ್ಲವರಿಗೆ ಬೆಲೆ. ಇನ್ನು ಎಂಜಿನಿಯರಾಗಿಯೇ ಈ ವಿದ್ಯೆಗೆ ಬರಬೇಕೆಂದರೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಆರಂಭವಾಗಿ ಮರುವರ್ಷ ನಾಗಪುರಕ್ಕೆ ಬಂದ ಈ ಕಾಲೇಜು ಕೇಂದ್ರ ಗೃಹ ಸಚಿವಾಲಯದ್ದು. ಅಲ್ಲಿ ಫೈರ್ ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷದ ಬಿ.ಇ. ಇದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿಯೂ ಸುರಕ್ಷತೆ ಮತ್ತು ಅಗ್ನಿ ಎಂಜಿನಿಯರಿಂಗ್ ಸೇರಿದ ಬಿ.ಟೆಕ್ ಇದೆ. ಎರಡಕ್ಕೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇಬೇಕು.

ಮಂಜು: ಅವು ಮೂರೂ ಇರುವುದು ಈ ಮನೆಯಲ್ಲಿ ಸುಮಾಳ ಬಳಿ ಮಾತ್ರ.

ಅಷ್ಟು ಹೊತ್ತೂ ಮೂಲೆಯಲ್ಲಿ ಕುಳಿತು ಮಂಡಿಯ ಚೀಟಿಗಳನ್ನು ಕೂಡುತ್ತಿದ್ದ ಸುಮಾ, ಮೊದಲ ಪಿಯುಸಿಯ ವಿಜ್ಞಾನ ವಿದ್ಯಾರ್ಥಿನಿ, ತಲೆಯೆತ್ತಿದಳು. ಕುಟುಂಬದ ಸಮಾಲೋಚನೆಗಳಲ್ಲಿ ಯಾರ ಭವಿಷ್ಯದ ವಿಚಾರವಾಗಿ ಸಭೆ ಸೇರಿರುವುದಿಲ್ಲವೋ ಅವರೇ ಗಮನವಿಟ್ಟು ಕೇಳುತ್ತಿರುವುದು ಹೊಸ ಸಂಗತಿಯೇನಲ್ಲ.

ಸುಮಾ: ದೊಡ್ಡಪ್ಪ, ನಾಗಪುರದಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆಯೇ?

ಹನುಮಂತಪ್ಪ: 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಎಂಬ ನಾಗಪುರದ ಹುಡುಗಿ ಅಲ್ಲಿಗೆ ಸೇರಿ, ಆ ಕಾಲೇಜಿನ ಮೊದಲ ವಿದ್ಯಾರ್ಥಿನಿಯಾದಳು, ಮುಂದೆ ಒಎನ್‌ಜಿಸಿಯಲ್ಲಿ ಅಗ್ನಿಶಾಮಕ ಅಧಿಕಾರಿಯಾದಳು. ದೇಹದಾರ್ಢ್ಯದ ಅಳತೆಗಳು ಅಲ್ಲಿಯೂ ಇವೆ. ಓಡುತ್ತೀಯಾ?

ಮಂಜು: ಬಸ್ಸು ಹಿಡಿಯುವಾಗ ಪ್ರತಿದಿನ ಇವಳೇ ಮುಂದೆ.

ಸಿದ್ಧಪ್ಪ: ತಡೆಯಿರಿ, ಹನುಮಂತಣ್ಣ! ಒಬ್ಬನನ್ನು ಈ ಹಾದಿಯಿಂದ ಬಿಡಿಸಿಕೊಡಿ ಎಂದು ಕರೆದರೆ ಇಬ್ಬರನ್ನು ಹತ್ತಿಸುತ್ತಿದ್ದೀರಿ. ಇದನ್ನು ಬೆಂಕಿ ಆರಿಸುವುದೆನ್ನುತ್ತಾರೋ, ಹಬ್ಬಿಸುವುದೆನ್ನುತ್ತಾರೋ?

ಗೌರಮ್ಮ: ಹುಡುಗಿ ಎಂಜಿನಿಯರಾದರೆ ಬೇಡವೇನು? ಅವಳಿಗೆ ಇನ್ನೊಂದು ವರ್ಷ ಓದಿದೆ. ಮಂಜು ನಾಳೆಯಿಂದ ಓಡಲಿ. ಪುಟ್ಟಾ, ಆ ಕರಪತ್ರದವರಿಗೆ ಮುಂಗಡವನ್ನೇನಾದರೂ ಕೊಟ್ಟಿದ್ದೀಯಾ?

ಪುಟ್ಟಸ್ವಾಮಿ: ಎರಡು ಸಾವಿರ ಮಾತ್ರ, ಅಕ್ಕ. ಅದೂ ಭಾವನವರ ಹೆಸರಿನಲ್ಲಿ.

ಸಿದ್ಧಪ್ಪ: ಯಾರ ಹಣ?

ಪುಟ್ಟಸ್ವಾಮಿ: ಹೆಸರೇ ತಮ್ಮದಾದ ಮೇಲೆ ಹಣ ಬೇರೆ ಯಾರದಾಗಲು ಸಾಧ್ಯ, ಭಾವ?

ಹನುಮಂತಪ್ಪ: ಜಗಳ ಆಮೇಲಿರಲಿ. ಮಂಜು, ಬೆಳಿಗ್ಗೆ ಐದಕ್ಕೆ ಮೈದಾನಕ್ಕೆ ಬಾ. ಅದಕ್ಕೂ ಮೊದಲು ಹಿತ್ತಿಲ ಸಿಪ್ಪೆಯ ರಾಶಿಯನ್ನು ಗೋಡೆಯಿಂದ ದೂರಕ್ಕೆ ಸಾಗಿಸಬೇಕು. ಎಣ್ಣೆ ಡಬ್ಬಗಳ ದಾರಿ ತೆರವಾಗಬೇಕು. ನಾಲ್ಕು ಕೈ ಸೇರಿದರೆ ಇಂದೇ ಮುಗಿಯುತ್ತದೆ.

ಸಿದ್ಧಪ್ಪ: ಮಂಜುವಿಗೆ ಎರಡು ಕೈ. ಉಳಿದೆರಡು ಪುಟ್ಟಸ್ವಾಮಿಯವು. ಎರಡು ಸಾವಿರ ವಸೂಲಾಗುವವರೆಗೆ ಹೊರಲಿ.

ಪುಟ್ಟಸ್ವಾಮಿ: ಹೊರುತ್ತೇನೆ, ಭಾವ. ಈ ತರಬೇತಿಗೆ ಪ್ರಮಾಣಪತ್ರ ಕೊಡುತ್ತೀರಾ?